ಕಸ ಗುಡಿಸಲು ಕರೆಯುತ್ತಾರೆ, ತೀರ್ಮಾನಕ್ಕೆ ಕರೆಯುವುದಿಲ್ಲ: ಹಸಿರು ನಗರದಲ್ಲಿ ಜನರ ಪಾಲು ಎಷ್ಟು?

ತಳಿರು:

ಪರಿಸರ ದಿನ ಬಂತೆಂದರೆ ಎಲ್ಲ ನಗರಗಳಲ್ಲೂ ಜನರಿಗೆ ಕರೆ ಬರುತ್ತದೆ. ಗಿಡ ನೆಡಿ, ದಂಡೆ ಗುಡಿಸಿ, ಪ್ಲಾಸ್ಟಿಕ್ ಹೆಕ್ಕಿ ಅಂತ. ಜನ ಬರುತ್ತಾರೆ, ಮನಸ್ಸಿಟ್ಟು ಕೆಲಸ ಮಾಡುತ್ತಾರೆ, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಆದರೆ ರಸ್ತೆ ಅಗಲ ಮಾಡಲು ಸಾಲುಮರ ಕಡಿಯಬೇಕಾ ಬೇಡವಾ, ಬಸ್ಸಿಗೆ ಎಷ್ಟು ದುಡ್ಡು, ಮೇಲ್ಸೇತುವೆಗೆ ಎಷ್ಟು, ಕಸದ ಗುಡ್ಡೆ ಯಾರ ಮನೆ ಹಿಂದೆ ಬರಬೇಕು ಎಂದು ತೀರ್ಮಾನ ಮಾಡುವ ದಿನ ಇದೇ ಜನರನ್ನು ಯಾರೂ ಕರೆಯುವುದಿಲ್ಲ. ಇದು ನನ್ನನ್ನು ತುಂಬಾ ದಿನದಿಂದ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೀರ್ಮಾನದಲ್ಲಿ ಜನರಿಗೆ ನಿಜಕ್ಕೂ ಎಷ್ಟು ಪಾಲು ಸಿಗುತ್ತದೆ ಅನ್ನುವುದನ್ನು ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಎಂಬ ಲೇಖಕಿ 1969ರಲ್ಲೇ ಒಂದು ಏಣಿಯ ಚಿತ್ರದಲ್ಲಿ ತೋರಿಸಿದ್ದರು. ಎಂಟು ಮೆಟ್ಟಿಲು. ಕೆಳಗಿನ ಎರಡರಲ್ಲಿ ಜನರನ್ನು ಒಲಿಸಿಕೊಳ್ಳುವುದು, ಸಮಾಧಾನ ಮಾಡುವುದು ಅಷ್ಟೇ. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಿತಿಯಲ್ಲಿ ಒಂದೆರಡು ಕುರ್ಚಿ ಕೊಡುವುದು. ಮೇಲಿನ ಮೂರರಲ್ಲಿ ಮಾತ್ರ ಜನರಿಗೆ ನಿಜವಾದ ಅಧಿಕಾರ ಸಿಗುತ್ತದೆ. ಆಮೇಲೆ ಐವತ್ತಕ್ಕೂ ಜಾಸ್ತಿ ವರ್ಷ ಕಳೆದಿದೆ, ನಮ್ಮ ಹೆಚ್ಚಿನ ಕಾರ್ಯಕ್ರಮಗಳು ಇವತ್ತಿಗೂ ಕೆಳಗಿನ ಮೆಟ್ಟಿಲುಗಳಲ್ಲೇ ನಿಂತಿವೆ.

ಮೇಲೆ ಹತ್ತಿದವರೂ ಇದ್ದಾರೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ನಗರದ ಬಜೆಟ್ಟಿನ ಒಂದು ಭಾಗವನ್ನು ಜನರ ಸಭೆಗಳ ಮುಂದೆ ಇಟ್ಟರು. ನಗರವನ್ನು 16 ಭಾಗ ಮಾಡಿ, ಬಡಾವಣೆ ಬಡಾವಣೆಯಲ್ಲೂ ಸಭೆ ಸೇರಿಸಿ, ಮೊದಲು ಯಾವ ಕೆಲಸ ಆಗಬೇಕು ಎಂದು ಜನರಿಂದಲೇ ಹೇಳಿಸಿದರು. ಸೌಕರ್ಯ ಕಡಿಮೆ ಇರುವ ಕಡೆಗೆ ದುಡ್ಡು ಜಾಸ್ತಿ ಹೋಗುವ ಹಾಗೆ ಲೆಕ್ಕದ ಸೂತ್ರವೂ ಇತ್ತು. ಜನ ಕೇಳಿದ್ದು ಕಾರಂಜಿಯನ್ನಲ್ಲ, ಚರಂಡಿಯನ್ನು. ವಿಶ್ವಬ್ಯಾಂಕ್ ಲೆಕ್ಕದ ಪ್ರಕಾರ ನೀರು ಮತ್ತು ಒಳಚರಂಡಿ ಸಂಪರ್ಕ 1988ರಲ್ಲಿ 75% ಇದ್ದದ್ದು 1997ಕ್ಕೆ 98% ಆಯಿತು. ಕೊಳಚೆ ನೀರು ಬೀದಿಗೆ ಹೋಗದೆ ಪೈಪಿಗೆ ಹೋಯಿತು. ಇದಕ್ಕಿಂತ ದೊಡ್ಡ ಪರಿಸರದ ಕೆಲಸ ಇನ್ನೇನು ಬೇಕು ಹೇಳಿ?

ನನ್ನ ಮಾತು ಇಷ್ಟು. ಜನರನ್ನು ಯೋಜನೆ ಶುರುವಾಗುವ ಮುಂಚೆ ಕೇಳಬೇಕು, ಅವರ ಕೈಗೆ ನಿಜವಾದ ತೀರ್ಮಾನ ಕೊಡಬೇಕು, ಹೇಳಿದ ಮಾತು ಏನಾಯಿತು ಎಂದು ವಾಪಸ್ ಬಂದು ಉತ್ತರ ಕೊಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ಸಲ ಯಾರೂ ಬರುವುದಿಲ್ಲ. ನಿಮಗೆ ಗೊತ್ತಿರುವುದನ್ನು ಹೇಳಿ. ಎಲ್ಲಿ ನಡೆಯಿತು, ಎಲ್ಲಿ ಕೆಟ್ಟಿತು?

ಹಳೆಸೈಕಲ್:

ತಳಿರು ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಒಂದು ಸೇರಿಸಬೇಕು. ಕರೆಯಲಿ ಅಂತ ಕಾಯುತ್ತಾ ಕೂತರೆ ಕೆಲಸ ಆಗುವುದಿಲ್ಲ. ನೆದರ್‌ಲ್ಯಾಂಡ್ಸ್ ಅಂದರೆ ಇವತ್ತು ಎಲ್ಲರಿಗೂ ಸೈಕಲ್ ನೆನಪಾಗುತ್ತದೆ, ಅದೇನೋ ಅವರ ರಕ್ತದಲ್ಲೇ ಬಂದದ್ದು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. 1950, 60ರ ದಶಕದಲ್ಲಿ ಅಲ್ಲೂ ಕಾರಿಗಾಗಿ ರಸ್ತೆ ಅಗಲ ಮಾಡಿದರು, ಸೈಕಲ್ ತುಳಿಯುವವರು ಅಂಚಿಗೆ ಹೋದರು. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತದಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ಬರೆದ ಲೇಖನದಿಂದ ಚಳವಳಿ ಶುರುವಾಯಿತು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತಲೇ ಅದರ ಹೆಸರು. ಅಪ್ಪ ಅಮ್ಮಂದಿರು ಅಪಘಾತ ಜಾಸ್ತಿ ಆಗುವ ಜಾಗಗಳಲ್ಲಿ ಕೂತರು, ಬೀದಿಗೆ ಅಡ್ಡ ಕಟ್ಟಿ ಮಕ್ಕಳನ್ನು ಆಡಲು ಬಿಟ್ಟರು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು, ಸರ್ಕಾರವೇ ಭಾನುವಾರ ಕಾರು ಓಡಿಸಬೇಡಿ ಅಂದಿತು, ಖಾಲಿ ರಸ್ತೆ ಹೇಗಿರುತ್ತದೆ ಎಂದು ಜನ ಕಣ್ಣಾರೆ ಕಂಡರು. 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಅವರು ಬರೀ ಕೂಗಲಿಲ್ಲ. ಎಲ್ಲಿ ರಸ್ತೆ ದಾಟುವುದು ಕಷ್ಟ, ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಪಥ ತುಂಡಾಗಿದೆ ಅಂತ ಪಟ್ಟಿ ಮಾಡಿ ಪಾಲಿಕೆಯ ಮುಂದೆ ಇಡುತ್ತಾ ಹೋದರು. ಇವತ್ತಿನ ಸೈಕಲ್ ಪಥಗಳ ಹಿಂದೆ ಈ ಹಠ ಇದೆ.

ಕೊಲಂಬಿಯಾದ ಬೊಗೊಟಾ ನಗರದ್ದೂ ಹಾಗೇ. 1974ರ ಡಿಸೆಂಬರ್‌ನಲ್ಲಿ ಸೈಕಲ್ ಪ್ರಿಯರು ಕೆಲವು ಗಂಟೆ ರಸ್ತೆ ತಮ್ಮದಾಗಿಸಿಕೊಂಡರು. ಇವತ್ತು ಅಲ್ಲಿ ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಜಾಸ್ತಿ ರಸ್ತೆ ಕಾರುಗಳಿಗೆ ಬಂದ್. ಮೊದಲು ಜನ ಮಾಡಿದರು, ಆಮೇಲೆ ಆಡಳಿತ ಅದನ್ನು ವ್ಯವಸ್ಥೆ ಮಾಡಿಕೊಂಡಿತು.

ಅಳತೆಗೋಲು:

ನಾನು ಬೇರೆ ಕಡೆಯಿಂದ ಬರುತ್ತೇನೆ. ನಮ್ಮ ಬೀದಿಯಲ್ಲಿ ಹೊಗೆ ಜಾಸ್ತಿ ಅಂತ ಹೇಳಿದರೆ, 'ನಮ್ಮ ಯಂತ್ರದಲ್ಲಿ ಎಲ್ಲ ಸರಿ ಇದೆ' ಅನ್ನುವ ಉತ್ತರ ಬರುತ್ತದೆ. ಯಂತ್ರ ಎಲ್ಲೋ ಒಂದು ತೆರೆದ ಜಾಗದಲ್ಲಿ ಇರುತ್ತದೆ, ನಾವು ಉಸಿರಾಡುವುದು ಇನ್ನೆಲ್ಲೋ. ಅಳತೆ ಜನರ ಕೈಗೆ ಬಂದರೆ ಮಾತಿನ ತೂಕವೇ ಬದಲಾಗುತ್ತದೆ.

ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 2018ರ ಮೇ ತಿಂಗಳಲ್ಲಿ ಒಂದು ಪ್ರಯೋಗ ನಡೆಯಿತು. ಆಂಟ್ವರ್ಪ್ ವಿಶ್ವವಿದ್ಯಾಲಯ, ಒಂದು ಪತ್ರಿಕೆ, ಅಲ್ಲಿನ ಪರಿಸರ ಇಲಾಖೆ ಮೂವರೂ ಸೇರಿದ್ದರು. ಸುಮಾರು 20,000 ಜನ ಭಾಗವಹಿಸಿದರು. ವಿಧಾನ ತುಂಬಾ ಸರಳ. ಮನೆ ಮಾರಾಟಕ್ಕಿದೆ ಅಂತ ಕಿಟಕಿಗೆ ಹಾಕುತ್ತಾರಲ್ಲ, ಆ ಥರದ ಮಡಿಚಿದ ಪ್ಲಾಸ್ಟಿಕ್ ಫಲಕ. ಅದರ ಒಳಮಡಿಕೆಯಲ್ಲಿ ಬೆರಳುದ್ದದ ಎರಡು ಪುಟ್ಟ ಕೊಳವೆ. ಬೀದಿ ಕಡೆಯ ಕಿಟಕಿಗೆ ಕಟ್ಟಿ ಒಂದು ತಿಂಗಳು ಬಿಡಬೇಕು. ಕೊಳವೆಯೊಳಗಿನ ರಾಸಾಯನಿಕ ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಖ್ಯವಾಗಿ ಡೀಸೆಲ್ ವಾಹನದ ಹೊಗೆಯಿಂದ ಬರುವ ಅನಿಲ ಅದು. ತಿಂಗಳಾದ ಮೇಲೆ ಮುಚ್ಚಳ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರೆ ಸರಾಸರಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಕರೆಂಟ್ ಬೇಡ, ಆ್ಯಪ್ ಬೇಡ.

ಫಲಿತಾಂಶದಲ್ಲಿ ಕಂಡದ್ದು ಏನೆಂದರೆ, ಒಂದೇ ಊರಿನ ಎರಡು ಅಕ್ಕಪಕ್ಕದ ಬೀದಿಗಳ ನಡುವೆಯೂ ದೊಡ್ಡ ವ್ಯತ್ಯಾಸ. ಎರಡೂ ಬದಿ ಎತ್ತರದ ಕಟ್ಟಡ ಇದ್ದು ನಡುವೆ ಇಕ್ಕಟ್ಟಾದ ರಸ್ತೆ ಇದ್ದರೆ ಹೊಗೆ ಮೇಲೆ ಹೋಗದೆ ಅಲ್ಲೇ ನಿಲ್ಲುತ್ತದೆ. ಹೀಗಾಗಿ ಹಳ್ಳಿಯ ಮುಖ್ಯರಸ್ತೆಯೂ ಕೆಲವೊಮ್ಮೆ ದೊಡ್ಡ ನಗರದ ರಸ್ತೆಯಷ್ಟೇ ಕೆಟ್ಟದಾಗಿರಬಹುದು. ಅಕ್ಟೋಬರ್‌ನಲ್ಲಿ ಸ್ಥಳೀಯ ಚುನಾವಣೆ ಇತ್ತು, ಸೆಪ್ಟೆಂಬರ್‌ನಲ್ಲಿ ನಕ್ಷೆ ಹೊರಗೆ ಬಂತು. ಎಲ್ಲರೂ ತಮ್ಮ ಬೀದಿಯ ಬಣ್ಣ ನೋಡಿದರು. ಮತ ಕೇಳಲು ಬಂದವರು ಉತ್ತರ ಕೊಡಲೇಬೇಕಾಯಿತು.

ಇಲ್ಲಿ ನನಗೆ ಮುಖ್ಯ ಅನಿಸುವುದು ಇಲಾಖೆ ಮೊದಲಿನಿಂದಲೇ ಜೊತೆಗಿತ್ತು ಅನ್ನುವುದು. ಅವರ ಯಂತ್ರದ ಪಕ್ಕದಲ್ಲೇ ಇದೇ ಕೊಳವೆ ಇಟ್ಟು ಹೋಲಿಸಿ ನೋಡಿದರು. ಹಾಗಾಗಿ ಆಮೇಲೆ 'ಸಾಮಾನ್ಯ ಜನ ಅಳೆದದ್ದು, ನಂಬೋಕಾಗಲ್ಲ' ಅನ್ನಲು ಆಗಲಿಲ್ಲ. ನೀವು ಕೆರೆ ನೀರು ಅಳೆಯಿರಿ, ಶಬ್ದ ಅಳೆಯಿರಿ, ಮರ ಎಣಿಸಿ, ಏನೇ ಮಾಡಿ, ವಿಧಾನವನ್ನು ಮೊದಲೇ ಒಪ್ಪಿಸಿಕೊಳ್ಳಿ.

ನೇರಮಾತು:

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಜನ ಬರುವುದಿಲ್ಲ ಸ್ವಾಮಿ, ಅದನ್ನು ಯಾರೂ ಹೇಳುತ್ತಿಲ್ಲ.

ಪ್ಯಾರಿಸ್ ನೋಡಿ. ದೊಡ್ಡ ಎಸ್‌ಯುವಿ ಕಾರುಗಳಿಗೆ ಪಾರ್ಕಿಂಗ್ ಶುಲ್ಕ ಏರಿಸಬೇಕಾ ಅಂತ 2024ರ ಫೆಬ್ರವರಿಯಲ್ಲಿ ಜನರ ಮತ ಕೇಳಿದರು. ಬಂದವರು 6%ಗಿಂತಲೂ ಕಡಿಮೆ. 2025ರ ಮಾರ್ಚ್‌ನಲ್ಲಿ ಇನ್ನೂ 500 ಬೀದಿಗಳನ್ನು ಕಾರು ಬಿಟ್ಟು ಹಸಿರು ಬೀದಿ ಮಾಡೋಣವಾ ಅಂತ ಕೇಳಿದರು. ಹೌದು ಅಂದವರು 66%, ಆದರೆ ಮತ ಹಾಕಿದವರೇ ಸುಮಾರು 4%. ನೂರರಲ್ಲಿ ನಾಲ್ಕು ಜನ ಬಂದು ಎಲ್ಲರ ಬೀದಿ ಬಗ್ಗೆ ಹೇಳಿದ ಹಾಗಾಯಿತು.

ಇನ್ನು ಸಭೆಗಳಿಗೆ ಯಾರು ಬರುತ್ತಾರೆ? ಬಿಡುವಿರುವವರು. ಮೈಕ್ ಹಿಡಿದು ಮಾತಾಡಿ ಅಭ್ಯಾಸ ಇರುವವರು. ಸ್ವಂತ ಮನೆ ಇರುವವರು. ಬಾಡಿಗೆ ಮನೆಯವರು, ಎರಡು ಪಾಳಿ ದುಡಿಯುವವರು, ಕೈಮಗು ಇರುವ ತಾಯಂದಿರು ಬರುತ್ತಾರಾ? ಬೆಳಗ್ಗೆ ಕಸ ಎತ್ತುವವರು ಸಂಜೆ ಪರಿಸರ ಸಭೆಗೆ ಬಂದದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಇವರನ್ನೆಲ್ಲ ಬಿಟ್ಟು 'ಜನರ ತೀರ್ಮಾನ' ಅಂದರೆ ನಾನು ಒಪ್ಪುವುದಿಲ್ಲ. ಆರಿಸಿ ಕಳಿಸಿದ ಸದಸ್ಯರು ಇದ್ದಾರೆ, ಅವರನ್ನೇ ಹಿಡಿದು ಕೇಳುವುದು ಮೇಲು.

ತಳಿರು:

ನೇರಮಾತು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಬಾಗಿಲು ತೆರೆದಿಟ್ಟಿದ್ದೇವೆ ಅಂದರೆ ಸಾಲದು, ಯಾರು ಬರುತ್ತಾರೆ ಅನ್ನುವುದು ನ್ಯಾಯದ ವಿಷಯ.

ಇದಕ್ಕೆ ಪೋಲೆಂಡಿನ ಗ್ಡಾನ್ಸ್ಕ್ ನಗರ ಒಂದು ದಾರಿ ಹುಡುಕಿತು. 2016ರ ಜುಲೈನಲ್ಲಿ ಅಲ್ಲಿ ಭಾರಿ ಮಳೆ ಸುರಿದು ಪ್ರವಾಹ ಬಂತು, ಪ್ರಾಣಹಾನಿಯೂ ಆಯಿತು. ಇಂಥ ಮಳೆಗೆ ನಗರ ಹೇಗೆ ಸಿದ್ಧವಾಗಬೇಕು ಅನ್ನುವುದನ್ನು ಚೀಟಿ ಎತ್ತಿ ಆರಿಸಿದ ಸುಮಾರು 60 ಜನರ ಸಭೆಗೆ ಬಿಟ್ಟರು. ಬಂದವರೆಲ್ಲ ಕೂರುವ ಸಭೆ ಅಲ್ಲ ಅದು. ನಗರದಲ್ಲಿ ಹೆಂಗಸರು ಗಂಡಸರು ಎಷ್ಟೆಷ್ಟು, ಯಾವ ವಯಸ್ಸಿನವರು ಎಷ್ಟು, ಎಷ್ಟು ಓದಿದವರು ಎಷ್ಟು, ಯಾವ ಬಡಾವಣೆಯವರು ಎಷ್ಟು ಅನ್ನುವ ಲೆಕ್ಕಕ್ಕೆ ಹೊಂದುವ ಹಾಗೆ ಆರಿಸಿದರು. ಅವರು ತಜ್ಞರನ್ನು ಕರೆಸಿ ಕೇಳಿದರು, ಕೂತು ಚರ್ಚೆ ಮಾಡಿದರು. 80% ಜನ ಒಪ್ಪಿದ ಸಲಹೆಯನ್ನು ಜಾರಿ ಮಾಡುತ್ತೇನೆ ಅಂತ ಮೇಯರ್ ಮೊದಲೇ ಮಾತು ಕೊಟ್ಟಿದ್ದರು. ನನಗೆ ಹಿಡಿಸಿದ್ದು ಈ ಕೊನೆಯ ಭಾಗ. ಮಾತು ಮೊದಲು, ಸಭೆ ಆಮೇಲೆ.

ಫ್ರಾನ್ಸಿನಲ್ಲಿ 2019-20ರಲ್ಲಿ ಇದೇ ರೀತಿ ಚೀಟಿ ಎತ್ತಿ 150 ಜನರನ್ನು ಕೂರಿಸಿ ಹವಾಮಾನದ ಬಗ್ಗೆ ಕೇಳಿದರು. ಅವರು 149 ಸಲಹೆ ಕೊಟ್ಟರು. ಆಮೇಲೆ ಸರ್ಕಾರ ಕೆಲವನ್ನು ತಳ್ಳಿಹಾಕಿತು, ಹಲವನ್ನು ತೆಳುಮಾಡಿತು. ತಿಂಗಳುಗಟ್ಟಲೆ ಕೂತವರಿಗೆ ತುಂಬಾ ನೋವಾಯಿತು, ಅದನ್ನು ಅವರು ಬಹಿರಂಗವಾಗಿಯೇ ಹೇಳಿದರು. ಹಾಗಾಗಿ ಚೀಟಿ ಎತ್ತಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮೈಕ್ ಅಭ್ಯಾಸ ಇರುವವರ ಹಿಡಿತದಿಂದ ಸಭೆಯನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಂದವರಿಗೆ ದಿನದ ಕೂಲಿ ಕೊಡಬೇಕು, ಮಗು ನೋಡಿಕೊಳ್ಳಲು ವ್ಯವಸ್ಥೆ ಇರಬೇಕು. ಇದು ಖರ್ಚಿನ ಬಾಬ್ತು, ನಿಜ. ಯೋಜನೆಯ ವೆಚ್ಚದಲ್ಲಿ ಸಲಹೆಗಾರ ಕಂಪನಿಗೆ ಒಂದು ಸಾಲು ಇಡುತ್ತಾರೆ ಅಲ್ವಾ, ಜನರಿಗೂ ಒಂದು ಸಾಲು ಇಡಲಿ.

ಹಸಿಕಸ:

ಕಸದ ವಿಷಯ ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ನಮ್ಮ ಕಟ್ಟಡದಲ್ಲಿ ಹಸಿ ಕಸವನ್ನು ನಾವೇ ಗೊಬ್ಬರ ಮಾಡುತ್ತೇವೆ. ಶುರುವಿನಲ್ಲಿ ಎಲ್ಲರಿಗೂ ಉತ್ಸಾಹ. ಆಮೇಲೆ ನಾತ ಬಂತು, ಹುಳ ಬಂತು, ಗಲಾಟೆ ಆಯಿತು. ತೊಂದರೆ ಏನೆಂದರೆ ಎಲ್ಲರೂ ಹಸಿ ಕಸ ಮಾತ್ರ ತಂದು ಸುರಿಯುತ್ತಿದ್ದರು, ಒಣಗಿದ್ದು ಯಾರೂ ಹಾಕುತ್ತಿರಲಿಲ್ಲ. ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ ಅಥವಾ ಮರದ ಹೊಟ್ಟು ಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಆಡುವುದಿಲ್ಲ, ಕೊಳೆತು ಮೊಟ್ಟೆ ವಾಸನೆ ಬರುತ್ತದೆ. ಸರಿಯಾಗಿ ಮಾಡಿದರೆ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಏರುತ್ತದೆ, 55 ಡಿಗ್ರಿಗೂ ಮೇಲೆ. ಆ ಬಿಸಿಗೆ ರೋಗದ ಕ್ರಿಮಿ, ಕಳೆ ಬೀಜ ಸಾಯುತ್ತವೆ. ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು ಅಂತ ಲೆಕ್ಕ.

ಈಗ ನಮ್ಮಲ್ಲಿ ಪಕ್ಕದಲ್ಲೇ ಒಣ ಎಲೆಯ ದೊಡ್ಡ ಡ್ರಮ್ ಇದೆ. ಬಕೆಟ್ ಸುರಿದವರು ಅದರಿಂದ ಎರಡು ಬಾಣಲೆ ಎಲೆ ಹಾಕಿಯೇ ಹೋಗಬೇಕು. ಪಾಳಿ ಪಟ್ಟಿ ಗೋಡೆ ಮೇಲೆ ಇದೆ, ರಾಶಿ ತಿರುವುವ ಕೆಲಸ ಈ ವಾರ ಯಾರದು ಅಂತ. ಭಾಷಣದಿಂದ ಆಗದ್ದು ಡ್ರಮ್ಮಿನ ಜಾಗ ಬದಲಿಸಿದ್ದರಿಂದ ಆಯಿತು. ಅದಕ್ಕೇ ನನ್ನ ಅಭಿಪ್ರಾಯ, ಜನರಿಗೆ ಅರಿವಿಲ್ಲ ಅಂತ ಸುಮ್ನೆ ಬೈಯುವುದಕ್ಕಿಂತ ಕೆಲಸವನ್ನು ಸುಲಭ ಮಾಡಿ.

ನೇರಮಾತು ಅವರು ಕಸ ಎತ್ತುವವರ ಬಗ್ಗೆ ಕೇಳಿದ್ದು ನನಗೆ ತಾಗಿತು. ಪುಣೆಯಲ್ಲಿ 'ಸ್ವಚ್ಛ' ಅಂತ ಒಂದು ಸಹಕಾರ ಸಂಘ ಇದೆ. ಕಸ ಆಯುವವರದ್ದೇ ಸಂಘ, 2008ರಿಂದ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆ ಮನೆಯಿಂದ ವಿಂಗಡಿಸಿದ ಕಸ ಎತ್ತುತ್ತದೆ. ಯಾವ ಪ್ಲಾಸ್ಟಿಕ್ ಮಾರಾಟವಾಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಇವರನ್ನು ಕೂಲಿಯವರಾಗಿ ಮಾತ್ರ ನೋಡುವ ನಗರಕ್ಕೆ ಕಸದ ಯೋಜನೆ ಮಾಡಲು ಬರುವುದಿಲ್ಲ.

ಬ್ರೆಜಿಲ್‌ನ ಕುರಿಟಿಬಾದ ಮಾತನ್ನೂ ಹೇಳಬೇಕು. ಲಾರಿ ಹೋಗಲಾಗದ ಇಕ್ಕಟ್ಟಿನ ಬಡಾವಣೆಗಳಿದ್ದವು. ಜನರೇ ಕಸ ಹೊತ್ತು ತರಬೇಕಿತ್ತು. 1991ರಲ್ಲಿ ಶುರುವಾದ ಯೋಜನೆಯಲ್ಲಿ, ಮರುಬಳಕೆ ಆಗುವ 4 ಕಿಲೋ ಕಸ ತಂದರೆ 1 ಕಿಲೋ ಹಣ್ಣು ತರಕಾರಿ ಕೊಟ್ಟರು. ತರಕಾರಿ ಸುತ್ತಲಿನ ಸಣ್ಣ ರೈತರ ಹೊಲದಲ್ಲಿ ಮಾರಾಟವಾಗದೆ ಉಳಿದದ್ದು. ಬೀದಿ ಚೊಕ್ಕಟವಾಯಿತು, ಮನೆಗೆ ತರಕಾರಿ ಬಂತು, ರೈತನಿಗೂ ದುಡ್ಡು ಸಿಕ್ಕಿತು.

ಕಡತ:

ನಾನು ಒಂದು ನಗರಾಡಳಿತದ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಹೆಸರು ಹೇಳುವುದಿಲ್ಲ. ಇಲ್ಲಿ ಬರೆದವರೆಲ್ಲ ಆಡಳಿತಕ್ಕೆ ಕೇಳಿಸುವುದಿಲ್ಲ ಅನ್ನುತ್ತಿದ್ದೀರಿ, ಅದರಲ್ಲಿ ತುಂಬಾ ನಿಜ ಇದೆ. ಆದರೆ ಒಳಗೆ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ನಿಮ್ಮ ಶ್ರಮ ವ್ಯರ್ಥ ಆಗುವುದು ಕಡಿಮೆಯಾಗುತ್ತದೆ.

ಗೋಡೆಗೆ ನಕ್ಷೆ ಅಂಟಿಸಿ ಆಕ್ಷೇಪಣೆ ಇದ್ದರೆ ತಿಳಿಸಿ ಅನ್ನುವ ಹೊತ್ತಿಗೆ ಒಳಗೆ ಬಹಳಷ್ಟು ಮುಗಿದಿರುತ್ತದೆ. ದುಡ್ಡು ಮಂಜೂರಾಗಿರುತ್ತದೆ, ಸಾಲದ ಷರತ್ತು ಬಿದ್ದಿರುತ್ತದೆ, ಟೆಂಡರ್ ತಯಾರಿರುತ್ತದೆ. ಆಗ ನೂರು ಜನ ಬಂದು ಕೂಗಿದರೂ ಎಂಜಿನಿಯರ್ ಬದಲಿಸಬಹುದಾದ್ದು ಬೆಂಚಿನ ಬಣ್ಣವನ್ನು. ಅದೇ ಐದು ಜನ ವರ್ಷದ ಮುಂಚೆ, ಬಜೆಟ್ ಪ್ರಸ್ತಾವ ಬರೆಯುವ ತಿಂಗಳಲ್ಲಿ ಬಂದಿದ್ದರೆ ಮಾತು ಬೇರೆಯೇ ಆಗಿರುತ್ತಿತ್ತು. ಆದ್ದರಿಂದ ನಿಮ್ಮ ನಗರದಲ್ಲಿ ಬಜೆಟ್ ಪ್ರಸ್ತಾವ ಯಾವ ತಿಂಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಬಜೆಟ್ ಮಂಡನೆಯ ದಿನ ಮುಖ್ಯವಲ್ಲ, ಅಷ್ಟರಲ್ಲಿ ಎಲ್ಲ ಆಗಿರುತ್ತದೆ.

ಇನ್ನೊಂದು, ರಸ್ತೆ ಹೇಗೂ ಅಗೆಯುವ ಸಮಯ. ಚರಂಡಿಗೋ ಕೇಬಲ್ಲಿಗೋ ನೀರಿನ ಪೈಪಿಗೋ ರಸ್ತೆ ಅಗೆದೇ ಅಗೆಯುತ್ತಾರೆ. ಮುಚ್ಚುವಾಗ ಮೊದಲಿದ್ದ ಹಾಗೇ ಮುಚ್ಚುವುದು ರೂಢಿ. ಆಗಲೇ ಫುಟ್‌ಪಾತ್ ಅಗಲ ಮಾಡಿ, ಮರದ ಬುಡಕ್ಕೆ ಜಾಗ ಬಿಡಿ, ಮಳೆ ನೀರು ಇಂಗಲು ತಗ್ಗು ಮಾಡಿ ಅಂತ ಕೇಳಿದರೆ ಹೆಚ್ಚಿನ ಖರ್ಚು ತೀರಾ ಕಡಿಮೆ. ಅದನ್ನೇ ಬೇರೆ ಯೋಜನೆ ಅಂತ ಕೇಳಿದರೆ ಪೂರ್ತಿ ರಸ್ತೆಯ ಖರ್ಚು ಬರುತ್ತದೆ, ಕಡತ ಅಲ್ಲೇ ಮಲಗುತ್ತದೆ. ಹಳೆಸೈಕಲ್ ಅವರು ಹೇಳಿದ ನೆದರ್‌ಲ್ಯಾಂಡ್ಸ್‌ನ ಸೈಕಲ್ ಪಥಗಳೂ ಎಷ್ಟೋ ಕಡೆ ಹೀಗೆ ರಸ್ತೆ ರಿಪೇರಿಗೆ ಬಂದಾಗಲೇ ಆದದ್ದು.

ಮನವಿ ಪತ್ರದ ಬಗ್ಗೆಯೂ ಒಂದು ಮಾತು. 'ನಮ್ಮ ಬಡಾವಣೆಯನ್ನು ಹಸಿರು ಮಾಡಿ' ಅಂತ ಬರೆದ ಪತ್ರಕ್ಕೆ ಸ್ವೀಕರಿಸಲಾಗಿದೆ ಅನ್ನುವುದೇ ಉತ್ತರ. 'ಇಂಥ ಅಡ್ಡರಸ್ತೆಯ ಇಂಥ ತಿರುವಿನಲ್ಲಿ ಮಳೆ ನೀರು ಮೊಣಕಾಲುದ್ದ ನಿಲ್ಲುತ್ತದೆ, ಜಾಲರಿ ಮುಚ್ಚಿಹೋಗಿದೆ, ಫೋಟೊ ಇದೆ, ಪಕ್ಕದಲ್ಲಿ ನಿಮ್ಮದೇ ಖಾಲಿ ಜಾಗ ಇದೆ, ಅಲ್ಲಿಗೆ ನೀರು ಹರಿಸಿ ಇಂಗಿಸಬಹುದಾ' ಅಂತ ಬರೆದರೆ ಒಬ್ಬರಾದರೂ ಹೋಗಿ ನೋಡಿಬರಲೇಬೇಕು.

ಮಣ್ಣುಕೈ:

ಕಡತ ಮೇಡಂ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆ.

ನೀರು ಇಂಗುವ ಮಾತು ಬಂತು, ಅದಕ್ಕೆ ಇದು. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿವರ್ಷ ಒಂದು ಪಂದ್ಯ ನಡೆಯುತ್ತದೆ. ಮನೆ ಮುಂದೆ, ಹಿತ್ತಲಲ್ಲಿ ಹಾಸಿರುವ ಕಾಂಕ್ರೀಟ್ ಬಿಲ್ಲೆಗಳನ್ನು ಕಿತ್ತು ಗಿಡ ಹಚ್ಚುವ ಪಂದ್ಯ. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ರೋಟರ್‌ಡ್ಯಾಮ್ ನಡುವೆ ಶುರುವಾಯಿತು, ಆಮೇಲೆ ದೇಶದ ಎಷ್ಟೋ ಊರುಗಳು ಸೇರಿಕೊಂಡವು. ಯಾವ ಊರು ಜಾಸ್ತಿ ಬಿಲ್ಲೆ ಕೀಳುತ್ತದೋ ಆ ಊರು ಗೆದ್ದಂತೆ. ಕೆಲವು ಊರುಗಳಲ್ಲಿ ಪಾಲಿಕೆಯ ವಾಹನ ಮನೆ ಬಾಗಿಲಿಗೇ ಬಂದು ಕಿತ್ತ ಬಿಲ್ಲೆಗಳನ್ನು ಒಯ್ಯುತ್ತದೆ. ಜನರಿಗೆ ಹಾರೆ ಹಿಡಿಯಲು ತೊಂದರೆ ಇಲ್ಲ, ಕಿತ್ತ ಮೇಲೆ ಆ ರಾಶಿಯನ್ನು ಎಲ್ಲಿ ಹಾಕುವುದು ಅನ್ನುವುದೇ ತೊಂದರೆ. ಅದನ್ನು ಯಾರೋ ಯೋಚಿಸಿದ್ದಾರೆ ನೋಡಿ.

ಕಿತ್ತ ಕೂಡಲೇ ಗಿಡ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬಿಲ್ಲೆಯ ಕೆಳಗಿನ ಮಣ್ಣು ವರ್ಷಗಟ್ಟಲೆ ತುಳಿತಕ್ಕೆ ಕಲ್ಲಿನ ಹಾಗಾಗಿರುತ್ತದೆ, ಮೇಲೆ ಮರಳಿನ ಪದರ. ಮರಳು ತೆಗೆದು, ಒಂದು ಅಡಿ ಆಳ ಸಡಿಲ ಮಾಡಿ, ಗೊಬ್ಬರ ಬೆರೆಸಬೇಕು. ಹಸಿಕಸ ಅವರ ಗೊಬ್ಬರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ಗಿಡ ನೆಡುವ ಕಾರ್ಯಕ್ರಮಗಳ ಬಗ್ಗೆ ನನಗೆ ಸಿಟ್ಟಿದೆ. ನೆಟ್ಟ ಗಿಡಕ್ಕೆ ಮೊದಲ ಎರಡು ಮೂರು ವರ್ಷ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ನೆಟ್ಟದ್ದೇ ದಂಡ. ಎಷ್ಟು ನೆಟ್ಟರು ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಬದುಕಿವೆ ಅಂತ ಯಾರಾದರೂ ಬೋರ್ಡ್ ಹಾಕಿದ್ದಾರಾ? ಮೆಲ್ಬರ್ನ್ ನಗರ ತನ್ನ ಸುಮಾರು 70,000 ಮರಗಳಿಗೆ ಒಂದೊಂದು ನಂಬರ್ ಕೊಟ್ಟು ನಕ್ಷೆಯಲ್ಲಿ ಹಾಕಿತು. ಕೊಂಬೆ ಮುರಿದರೆ, ರೋಗ ಬಂದರೆ ಜನ ಮರದ ನಂಬರ್ ಹಾಕಿ ಇಮೇಲ್ ಮಾಡಲಿ ಅಂತ. ಜನ ದೂರು ಬರೆಯುವ ಬದಲು ಮರಗಳಿಗೇ ಪ್ರೀತಿಯ ಪತ್ರ ಬರೆಯತೊಡಗಿದರು. ಅದು ಸುದ್ದಿಯಾಯಿತು. ಆದರೆ ನನಗೆ ಮುಖ್ಯ ಅದರ ಹಿಂದಿನ ಕೆಲಸ. ಯಾವ ಮರ ಇನ್ನು ಎಷ್ಟು ವರ್ಷ ಬದುಕಬಹುದು ಅಂತ ನಕ್ಷೆಯಲ್ಲೇ ತೋರಿಸಿದರು, ಸ್ವಯಂಸೇವಕರಿಗೆ ಮರ ಅಳೆಯುವುದನ್ನು ಕಲಿಸಿದರು. ಬೀದಿ, ಉದ್ಯಾನದಂಥ ಸಾರ್ವಜನಿಕ ಜಾಗದಲ್ಲಿ ಮರದ ನೆರಳನ್ನು 22%ನಿಂದ 2040ಕ್ಕೆ 40% ಮಾಡುವ ಗುರಿ ಇಟ್ಟರು. ಎಲ್ಲರಿಗೂ ಕಾಣುವ ಲೆಕ್ಕ ಅದು.

ಬಾಡಿಗೆಮನೆ:

ಒಂದು ವಿಷಯ ಯಾರೂ ಹೇಳಲಿಲ್ಲ. ಬೀದಿ ಚೆಂದ ಆದರೆ ಬಾಡಿಗೆ ಏರುತ್ತದೆ. ನಾವು ಹಾರೆ ಹಿಡಿದು ಉದ್ಯಾನ ಮಾಡುತ್ತೇವೆ, ಆಮೇಲೆ ಅಲ್ಲಿ ಇರಲಾಗದೆ ನಾವೇ ಮನೆ ಖಾಲಿ ಮಾಡುತ್ತೇವೆ.

ನ್ಯೂಯಾರ್ಕಿನ ಹೈಲೈನ್ ಅಂತ ಇದೆ. ಪಾಳುಬಿದ್ದ ಗೂಡ್ಸ್ ರೈಲಿನ ಮೇಲ್ದಾರಿ, ಕೆಡವಲು ಹೊರಟಿದ್ದರು. 1999ರಲ್ಲಿ ಇಬ್ಬರು ನಿವಾಸಿಗಳು ಗುಂಪು ಕಟ್ಟಿ ಅದನ್ನು ಉಳಿಸಿ ಉದ್ಯಾನ ಮಾಡಿಸಿದರು, 2009ರಲ್ಲಿ ಮೊದಲ ಭಾಗ ತೆರೆಯಿತು. ಜಗತ್ತೆಲ್ಲ ಹೊಗಳಿತು. ಸುತ್ತ ದುಬಾರಿ ಕಟ್ಟಡ ಎದ್ದವು. ಹತ್ತಿರದಲ್ಲೇ ಇದ್ದ ಸರ್ಕಾರಿ ವಸತಿಯ ಬಡವರಿಗೆ ಅದು ತಮ್ಮದು ಅನಿಸಲಿಲ್ಲ. ಕಟ್ಟಿದವರಲ್ಲೇ ಒಬ್ಬರಾದ ರಾಬರ್ಟ್ ಹ್ಯಾಮಂಡ್ ಮುಂದೆ ಬಹಿರಂಗವಾಗಿ ಹೇಳಿದರು, ವಿನ್ಯಾಸ ಹೇಗಿರಬೇಕು ಅಂತ ಕೇಳಿದೆವು, ಆದರೆ ನಿಮಗೆ ನಾವು ಏನು ಮಾಡಿಕೊಡಬಹುದು ಅಂತ ಕೇಳಬೇಕಿತ್ತು ಅನ್ನುವ ಅರ್ಥದಲ್ಲಿ.

ಅದೇ ನಗರದಲ್ಲಿ ಇನ್ನೊಂದು ಕಥೆ. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸ ತುಂಬಿದ ಖಾಲಿ ನಿವೇಶನವನ್ನು ಚೊಕ್ಕ ಮಾಡಿ ತೋಟ ಮಾಡಿದರು. ಪಾಲಿಕೆ ಆಮೇಲೆ ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅಂಥ ನೂರಾರು ತೋಟ ಹುಟ್ಟಿದವು. 1999ರಲ್ಲಿ ಜಾಗಕ್ಕೆ ಬೆಲೆ ಬಂದ ಕೂಡಲೇ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟರು. ಜನ ಬೀದಿಗಿಳಿದರು, ಕೊನೆಗೆ ಎರಡು ಟ್ರಸ್ಟ್‌ಗಳು ದುಡ್ಡು ಕೊಟ್ಟು ಕೊಂಡು ಉಳಿಸಿದವು. ಹಾಗಾಗಿ ಜಾಗದ ಹಕ್ಕು ಯಾರದು, ಒಪ್ಪಂದ ಎಷ್ಟು ವರ್ಷದ್ದು ಅನ್ನುವುದು ಕಾಗದದ ಮೇಲೆ ಇಲ್ಲದೆ ಬೆವರು ಸುರಿಸಬೇಡಿ.

ಹಳೆಸೈಕಲ್:

ಬಾಡಿಗೆಮನೆ ಅವರ ಮಾತು ತುಂಬಾ ಮುಖ್ಯ. ಹಾಗೆಂದು ಬಡವರ ಬೀದಿ ಹೊಗೆಯಲ್ಲೇ ಇರಲಿ ಅನ್ನಲು ಆಗುವುದಿಲ್ಲ ಅಲ್ವಾ. ಬಾಡಿಗೆಗೆ ಕಡಿವಾಣ ಹಾಕುವ ಬೇಡಿಕೆಯೂ ಹಸಿರು ಬೇಡಿಕೆಯ ಜೊತೆಗೇ ಹೋಗಬೇಕು.

ಮತ್ತೆ, ಜನರ ವಿರೋಧ ಬಂದರೆ ಅಲ್ಲಿಗೇ ಬಿಡುವುದೂ ಸರಿಯಲ್ಲ. ಬಾರ್ಸಿಲೋನಾದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಪೊಬ್ಲೆನೊ ಎಂಬ ಕಡೆ, ಸುತ್ತ ನಾಲ್ಕೂ ಬದಿ ರಸ್ತೆ ಇರುವ ಒಂಬತ್ತು ಕಟ್ಟಡ ಸಮೂಹಗಳನ್ನು ಒಂದಾಗಿ ಸೇರಿಸಿ ಒಳಗೆ ಹಾದುಹೋಗುವ ವಾಹನ ತಡೆದರು. ಸರಿಯಾಗಿ ಹೇಳದೆ ಕೇಳದೆ ಮಾಡಿದರು ಅಂತ ನಿವಾಸಿಗಳು ತಿರುಗಿಬಿದ್ದರು. ಆದರೆ ಶುರುವಿನಲ್ಲಿ ಹಾಕಿದ್ದು ಬಣ್ಣ, ಟೈರು, ಕುಂಡ ಅಷ್ಟೇ. ಎತ್ತಿಡಬಹುದಾದ ವಸ್ತು. ಆಮೇಲೆ ಜನರ ಜೊತೆ ಕೂತು ಆಟದ ಜಾಗ, ಮೇಜು, ಮರ ಎಲ್ಲಿ ಬೇಕು ಅಂತ ಕೇಳಿ ಬದಲಿಸಿದರು, ಆಮೇಲೆ ಅದರ ಪರವಾಗಿ ನಿಲ್ಲುವ ನಿವಾಸಿಗಳ ಗುಂಪೇ ಹುಟ್ಟಿತು. ಕಾಂಕ್ರೀಟ್ ಹಾಕುವ ಮುಂಚೆ ತಾತ್ಕಾಲಿಕವಾಗಿ ಮಾಡಿ ನೋಡುವುದು ಒಳ್ಳೆಯದು. ಕಾಗದದ ನಕ್ಷೆ ಓದಲು ಎಲ್ಲರಿಗೂ ಬರುವುದಿಲ್ಲ, ಬೀದಿಯಲ್ಲಿ ನಡೆದು ನೋಡಲು ಎಲ್ಲರಿಗೂ ಬರುತ್ತದೆ.

ನೇರಮಾತು:

ತಳಿರು ಅವರ ಚೀಟಿ ಎತ್ತುವ ವಿಷಯ ಯೋಚಿಸುತ್ತಿದ್ದೇನೆ. ಅದಕ್ಕೆ ದಿನದ ಕೂಲಿ ಕೊಡಬೇಕು ಅಂದದ್ದು ನನಗೆ ಹಿಡಿಸಿತು. ಹಾಗೆ ಮಾಡಿದರೆ ಒಪ್ಪುತ್ತೇನೆ. ಪೋರ್ಟೊ ಅಲೆಗ್ರೆಯ ಬಗ್ಗೆ ಮಾತ್ರ ಒಂದು ಸೇರಿಸಿ, ಆ ಪದ್ಧತಿಯನ್ನು 2017ರಲ್ಲಿ ತಡೆಹಿಡಿದರು. ಆಡಳಿತ ಬದಲಾದ ಹಾಗೆ ಅದು ಸೊರಗುತ್ತಾ ಬಂದಿತ್ತು. ಇಷ್ಟು ಹೆಸರುವಾಸಿಯಾದದ್ದೇ ಹೀಗಾದರೆ, ಇದನ್ನೆಲ್ಲ ಮೇಯರ್ ಒಳ್ಳೆಯತನಕ್ಕೆ ಬಿಡದೆ ಕಾನೂನಿನಲ್ಲಿ ಬರೆಸಬೇಕು. ಮಾಹಿತಿ ಪಡೆಯುವುದು, ತೀರ್ಮಾನದಲ್ಲಿ ಪಾಲು, ಕೋರ್ಟಿಗೆ ಹೋಗುವ ದಾರಿ, ಈ ಮೂರೂ ಪರಿಸರದ ವಿಷಯದಲ್ಲಿ ಜನರ ಹಕ್ಕು ಅಂತ 1998ರ ಆರ್ಹುಸ್ ಒಪ್ಪಂದ ಹೇಳುತ್ತದೆ. ಹೆಚ್ಚಾಗಿ ಯುರೋಪಿನ ದೇಶಗಳೇ ಅದಕ್ಕೆ ಸೇರಿವೆ. ಎಲ್ಲ ಕಡೆ ಅಂಥದ್ದು ಬೇಕು.

ಕಡತ ಮೇಡಂ, ನಮ್ಮ ಮುಖ್ಯರಸ್ತೆಯಲ್ಲಿ ಚರಂಡಿ ಕೆಲಸ ಬರುತ್ತಿದೆ ಅಂತ ಕೇಳಿದ್ದೇನೆ. ಎರಡೂ ಬದಿ ಹಳೆಯ ಮರಗಳಿವೆ, ಬುಡದವರೆಗೂ ಸಿಮೆಂಟ್. ಹೋಗಿ ಏನು ಕೇಳಬೇಕು?

ಕಡತ:

ಮೊದಲು ಕೆಲಸದ ನಕ್ಷೆ ಮತ್ತು ಅಂದಾಜು ಪಟ್ಟಿಯ ಪ್ರತಿ ಕೇಳಿ. ಅಂದಾಜು ಪಟ್ಟಿಯಲ್ಲಿ 'ಮೇಲ್ಪದರ ಪುನಃ ಹಾಕುವುದು' ಅನ್ನುವ ಸಾಲು ಇರುತ್ತದೆ. ಮರದ ಸುತ್ತ ಒಂದಿಷ್ಟು ಜಾಗವನ್ನು ಅದರಿಂದ ಬಿಡಿ, ಮಣ್ಣು ತೆರೆದಿರಲಿ ಅಂತ ಬರೆದು ಕೊಡಿ. ಅದು ಖರ್ಚು ಇಳಿಸುವ ಬೇಡಿಕೆ, ಬೇಡ ಅನ್ನಲು ಕಾರಣ ಸಿಗುವುದು ಕಷ್ಟ. ಅಗೆತ ಬೇರಿಗೆ ಎಷ್ಟು ಹತ್ತಿರ ಹೋಗುತ್ತದೆ ಅಂತ ಕೇಳಿ. ಹತ್ತಿರ ಇರುವ ಕಡೆ ಯಂತ್ರ ಬೇಡ, ಕೈಯಲ್ಲೇ ಅಗೆಯಲಿ, ದಪ್ಪ ಬೇರು ಕಡಿಯುವುದು ಬೇಡ ಅಂತ ಷರತ್ತು ಸೇರಿಸಲು ಹೇಳಿ. ಟೆಂಡರಿಗೆ ಮುಂಚೆ ಹೋದರೆ ಮಾತ್ರ ಇದು ಆಗುತ್ತದೆ. ಗುತ್ತಿಗೆದಾರರು ಬಂದ ಮೇಲೆ ಅವರು ಪಟ್ಟಿಯಲ್ಲಿ ಇದ್ದದ್ದನ್ನಷ್ಟೇ ಮಾಡುತ್ತಾರೆ. ಒಬ್ಬರೇ ಹೋಗಬೇಡಿ, ಆ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮರದ ನೆರಳಲ್ಲಿ ನಿಂತು ವ್ಯಾಪಾರ ಮಾಡುವವರು ಅವರೇ. ಪತ್ರದ ಎರಡನೇ ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ನೋಡೋಣ.